ಲಕ್ಕಣ್ಣ ಇಡದ ಬಾಟಲಿ

ಫೆಬ್ರವರಿ 24, ಸೋಮವಾರ. ಬೆಳಿಗ್ಗೆ 11

ಗಂಜಿ ಆಯ್ತು. ಮಾತ್ರೆ ಆಯ್ತು. ಮೋನಿಷಾ ಕೆಲಸಕ್ಕೆ ಹೊರಡುವ ಮೊದಲು ನನ್ನ ಬಾಯಿ ತೆರೆಸಿ, ನಾಲಗೆ ಎತ್ತಿಸಿ ನೋಡಿದಳು. ನುಂಗಿದ್ದೀನೋ ಇಲ್ಲವೋ ಅಂತ. ಹೆತ್ತ ಮಗಳು! ಪೋಲಿಯೋ ಹನಿ ಹಾಕಿಸುವಾಗ ಅವಳ ಬಾಯಿಯನ್ನ ನಾನು ಹೀಗೇ ತೆರೆಸಿದ್ದೆ. ಮಾತ್ರೆ ಡಬ್ಬಿ ಅವಳ ಬ್ಯಾಗಿನಲ್ಲೇ ಯಲಹಂಕದ ಲ್ಯಾಬಿಗೆ ಹೋಗಿ, ಸಂಜೆ ಅವಳ ಜೊತೆಗೇ ವಾಪಸ್ ಬರುತ್ತೆ. ತಪ್ಪಿ ಕುಡಿದವಳಿಗೆ ಯಾಕೆ ಇಷ್ಟು ಕಾವಲು? ಅವಳು ಹೇಳಲ್ಲ, ನಾನು ಕೇಳಲ್ಲ.

ಆಸ್ಪತ್ರೆಯಿಂದ ಬಂದು ಹದಿನೆಂಟು ದಿನ. ನೋಡೋಕೆ ಬರುವವರು ಇನ್ನೂ ನಿಂತಿಲ್ಲ. ಬ್ರೆಡ್ಡು, ಕಿತ್ತಳೆ, ಎಳನೀರು. ಬಂದವರಿಗೆಲ್ಲ ನಮ್ಮ ಯಜಮಾನರು ಅದೇ ಕಥೆ ಹೇಳುತ್ತಾರೆ — ನಮ್ಮ ಗಿಡದ ನರ್ಸರಿ ಕೆಲಸದ ಲಕ್ಕಣ್ಣ ಗುಲಾಬಿಗೆ ಹೊಡೆದು ಮಿಕ್ಕ ಔಷಧಿಯನ್ನ ಜ್ಯೂಸ್ ಬಾಟಲಿಗೆ ಹಾಕಿ ಕಟ್ಟೆ ಮೇಲೆ ಇಟ್ಟಿದ್ದ, ಯಶೋಧಾ ಬಾಯಾರಿ ಬಂದವಳು ನೋಡದೆ ಕುಡಿದುಬಿಟ್ಟಳು. ಕೇಳಿ ಕೇಳಿ ಆ ಬಾಟಲಿ ನನ್ನ ಕಣ್ಣಿಗೂ ಕಟ್ಟುತ್ತೆ. ಈಚೆಗೆ ಇವರು ಅದಕ್ಕೊಂದು ಹಸಿರು ಮುಚ್ಚಳವನ್ನೂ ಸೇರಿಸಿದ್ದಾರೆ.

ಅಂಥ ಬಾಟಲಿ ಇರಲೇ ಇಲ್ಲ. ಲಕ್ಕಣ್ಣ ಏನನ್ನೂ ಎಲ್ಲೂ ಇಟ್ಟಿರಲಿಲ್ಲ. ನರ್ಸರಿ ಶೆಡ್ಡಿನ ಬೀಗ ತೆಗೆದು ಹೋದವಳು ನಾನು. ಗೊತ್ತಿದ್ದೇ ಕುಡಿದೆ.

ಬರೆದಾಯ್ತು. ಒಂದು ಕಡೆಯಾದರೂ ಇರಲಿ. ಈ ಡೈರಿ ಔಷಧಿ ಕಂಪನಿಯವರು ಹೊಸ ವರ್ಷಕ್ಕೆ ಇವರಿಗೆ ಕೊಟ್ಟಿದ್ದು. ರಟ್ಟಿನ ಮೇಲೆ ಟೊಮ್ಯಾಟೊ ಹಿಡಿದು ನಗುತ್ತಿರುವ ರೈತ. ಮನೆಯಲ್ಲಿ ಯಾರೂ ಇದನ್ನ ಮುಟ್ಟಲ್ಲ. ಅದಕ್ಕೇ ತಗೊಂಡೆ.

ಫೆಬ್ರವರಿ 26. ಸಂಜೆ

ಮೀನಖಂಡದಲ್ಲಿ ಹಿಂಡಿದ ಹಾಗೆ ನೋವು. ಪಾದ ಜೋಮು. ನಡೆಯುವಾಗ ಎಡಗಾಲಿನ ಚಪ್ಪಲಿ ಕಳಚಿಕೊಂಡು ಹಿಂದೆ ಉಳಿಯಿತು, ನನಗೆ ಗೊತ್ತೇ ಆಗಲಿಲ್ಲ. ಮೋನಿ ಎತ್ತಿ ತಂದುಕೊಟ್ಟಳು. ಇವರು, "ದೊಡ್ ಸೈಜ್ ತಗೊಂಡಿದೀಯ ಕಣೇ" ಅಂದರು. ಮೂರು ವರ್ಷದಿಂದ ಹಾಕುತ್ತಿರುವ ಚಪ್ಪಲಿ.

ಮಾರ್ಚ್ 4

ಹೆಬ್ಬಾಳದ ಕಡೆ ಆಸ್ಪತ್ರೆ. ಕಾಲಿಗೆ ವೈರು ಅಂಟಿಸಿ ಕರೆಂಟು ಬಿಟ್ಟು ನೋಡಿದರು. ಚುರ್ ಚುರ್. ನರಗಳಿಗೆ ಪೆಟ್ಟು ಬಿದ್ದಿದೆಯಂತೆ. ಆ ಔಷಧಿಯ ಗುಣವೇ ಹಾಗಂತೆ, ಎಲ್ಲ ಮುಗಿಯಿತು ಅಂದುಕೊಂಡ ಎರಡು ಮೂರು ವಾರಕ್ಕೆ ಕಾಲು ಹಿಡಿಯುತ್ತೆ. ಪಾದ ಎತ್ತೋಕೆ ಬಲ ಇಲ್ಲ, ಅದಕ್ಕೇ ಚಪ್ಪಲಿ ಜಾರೋದು. ಫಿಸಿಯೋಥೆರಪಿ, ಪಾದ ಎತ್ತಿ ಹಿಡಿಯೋಕೆ ಕಾಲಿಗೆ ಸ್ಪ್ಲಿಂಟ್ ಅನ್ನೋ ಪಟ್ಟಿ. "ತಿಂಗಳುಗಟ್ಟಲೆ ಬೇಕಮ್ಮ, ಬೇಜಾರು ಮಾಡ್ಕೋಬೇಡಿ" ಅಂದರು ಡಾಕ್ಟರು. ಬೇಜಾರು ಮಾಡಿಕೊಳ್ಳೋಕೂ ಶಕ್ತಿ ಬೇಕು.

ಆಮೇಲೆ ಹಳೆಯ ಫೈಲು ತಿರುವಿ, "ಸೈಕಿಯಾಟ್ರಿಗೆ ಬರ್ಕೊಟ್ಟಿದ್ರಲ್ಲ, ಹೋಗ್ಲೇ ಇಲ್ವಾ?" ಅಂದರು. ಇವರು, "ಅದು ಆಕ್ಸಿಡೆಂಟ್ ಸರ್, ತಲೆಗೇನಿಲ್ಲ" ಅಂದರು. ಡಾಕ್ಟರು ಇವರ ಮುಖ ನೋಡಿ, ಮತ್ತೆ ಬರೆದುಕೊಟ್ಟರು. ಮುಂದಿನ ಬುಧವಾರ ಬಿಟ್ಟು ಆಚೆ ಬುಧವಾರ.

ಮಾರ್ಚ್ 10, ಸೋಮವಾರ

ಲಕ್ಕಣ್ಣ ಬಂದಿದ್ದ. ಪ್ರತಿ ಸೋಮವಾರ ಬರುತ್ತಾನೆ. ಆಗಿದ್ದು ಆದಾಗಿನಿಂದ ಇವರು ಅವನನ್ನ ಕೆಲಸಕ್ಕೆ ಕರೆದಿಲ್ಲ. ಬೇಡ ಅಂತಲೂ ಹೇಳಿಲ್ಲ. ಇಪ್ಪತ್ತೆರಡು ವರ್ಷ ಇಲ್ಲಿ ಗಿಡ ಸಾಕಿದ ಮನುಷ್ಯ, ಈಗ ಗೇಟಿನಿಂದ ಒಳಗೆ ಕಾಲಿಡಲ್ಲ. ಕರಿಬೇವು ಕೊಟ್ಟ. ಬಿಸಿಲಿಗೆ ಕಾದ ರಸ್ತೆ ಮೇಲೆ ಬರಿಗಾಲಲ್ಲಿ ನಿಂತಿದ್ದ.

"ಚಪ್ಲಿ ಎಲ್ಲಿ ಲಕ್ಕಣ್ಣ?"

"ಮುನೇಶ್ವರಂಗೆ ಅರ್ಕೆ ಒತ್ಕೊಂಡಿವ್ನಿ ಅಮ್ಮಾವ್ರೆ. ನೀವು ಮೊದ್ಲಿನಂಗೆ ನಡ್ಯೋಗಂಟ ಕಾಲಿಗೆ ಚಪ್ಲಿ ಆಕಾಕಿಲ್ಲ."

ಆಮೇಲೆ ಮೆಲ್ಲಗೆ, "ನಾನ್ಯಾವ ಬಾಟ್ಲಿ ಇಟ್ನೋ ಗ್ಯಾಪ್ಕನೇ ಬತ್ತಿಲ್ಲ. ವಯಸ್ಸಾತಲ್ಲ. ಎಲ್ಲೋ ಇಟ್ಟಿರ್ತೀನಿ" ಅಂದ.

ಬಾಯಿಗೆ ಬಂತು. ನುಂಗಿಕೊಂಡೆ. ಕರಿಬೇವು ತಗೊಂಡು ಒಳಗೆ ಬಂದೆ. ನನ್ನಂಥ ಹೇಡಿ ಇಲ್ಲ.

ಮಾರ್ಚ್ 11

ಇವತ್ತು ಏನೂ ಬರೆಯೋಕಾಗಲ್ಲ.

ಮಾರ್ಚ್ 19, ಬುಧವಾರ

ಸೈಕಿಯಾಟ್ರಿ. ಅಕ್ಬರಿ ಮೇಡಂ ಅಂತ ಹೆಸರು. ನನಗಿಂತ ಚಿಕ್ಕವರು, ಕಣ್ಣ ಕೆಳಗೆ ನನ್ನಷ್ಟೇ ಕಪ್ಪು. "ಅವತ್ತು ಏನಾಯ್ತು ಹೇಳಿ" ಅಂದರು ನನ್ನನ್ನ ನೋಡಿ. ಇವರು ಶುರು ಮಾಡಿದರು. ಬಾಟಲಿ, ಕಟ್ಟೆ, ಹಸಿರು ಮುಚ್ಚಳ.

"ನಿದ್ದೆ?"

"ಚೆನ್ನಾಗ್ ಮಾಡ್ತಾಳೆ ಮೇಡಂ."

"ಊಟ?"

"ಪರವಾಗಿಲ್ಲ ಮೇಡಂ."

ನನ್ನ ನಿದ್ದೆ ಚೆನ್ನಾಗಿದೆ ಅನ್ನೋದು ಇವರಿಂದ ತಿಳಿಯಿತು. ಮೇಡಂ ಪೆನ್ನು ಕೆಳಗಿಟ್ಟು, "ನೀವೊಂದು ಹತ್ತು ನಿಮಿಷ ಹೊರಗಡೆ ಕೂತಿರ್ತೀರಾ?" ಅಂದರು. ಹೋದರು. ಪರದೆಯ ಕೆಳಗೆ ಇವರ ಬೂಟು ಕಾಣುತ್ತಲೇ ಇತ್ತು.

"ಈಗ ಹೇಳಿ ಯಶೋಧಾ ಅವರೇ."

"ತಪ್ಪಿ ಕುಡಿದೆ ಮೇಡಂ" ಅಂದೆ.

ಇಷ್ಟು ದಿನ ಇವರ ಸುಳ್ಳು ಅಂತಿದ್ದೆ. ಇವತ್ತಿಂದ ನನ್ನದೂ ಆಯ್ತು. ಮೇಡಂ ಜಗಳ ಆಡಲಿಲ್ಲ. ನಾನು ನಿದ್ದೆ ಮಾಡದಿರೋದು ಮುಖದ ಮೇಲೇ ಇದೆ ಅಂದರು. ಒಂದು ಮಾತ್ರೆ ಬರೆದರು, ಎರಡು ಮೂರು ವಾರ ಆದ ಮೇಲೆ ಗೊತ್ತಾಗುತ್ತೆ, ಮಧ್ಯದಲ್ಲಿ ಬಿಡಬೇಡಿ ಅಂದರು. ಚೀಟಿ ಮೇಲೆ 14416 ಅಂತ ಬರೆದು, "ಮನಸ್ಸಿಗೆ ಕಷ್ಟ ಆದಾಗ ಯಾವ ಹೊತ್ತಾದ್ರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ" ಅಂದರು. ಇವರನ್ನ ಒಳಗೆ ಕರೆದು, ಮನೆಯಲ್ಲಿ, ಶೆಡ್ಡಲ್ಲಿ ಗಿಡದ ಔಷಧಿ ಒಂದು ಹನಿಯೂ ಇರಬಾರದು ಅಂದರು. ಇವರು ತಲೆ ಆಡಿಸಿದರು. ನರ್ಸರಿ ಇಟ್ಟವನಿಗೆ ಆ ಮಾತು. ಆದರೂ ತಲೆ ಆಡಿಸಿದರು.

ಮಾರ್ಚ್ 30. ಯುಗಾದಿ

ನಾದಿನಿ ಸರಳಾ ಬಂದಿದ್ದಳು. ಲಕ್ಕಣ್ಣನ ಮನೆ ಅವಳ ಬೀದಿಯಲ್ಲೇ ಇರೋದು. ಹೋಳಿಗೆ ತಿನ್ನುತ್ತಾ ಹೇಳಿದಳು, ಅವನ ಸೊಸೆ ಮೊಮ್ಮಗನನ್ನ ಅವನ ಕೈಗೆ ಕೊಡುತ್ತಿಲ್ಲವಂತೆ. ಅಜ್ಜು ಅಂತ, ಒಂದೂವರೆ ವರ್ಷದ ಮಗು. "ಮಗೀನ ಹಾಲಿನ ಬಾಟ್ಲಿ ಮುಟ್ಬೇಡಿ ಮಾವ, ನಿಮ್ ಕೈಯಲ್ಲಿ ಏನಿರುತ್ತೋ ಅಂದ್ಳಂತೆ ಕಣತ್ಗೆ. ಪಾಪ, ಆದ್ರೆ ಅವ್ನ್ ಮಾಡಿದ್ದೇನ್ ಸಣ್ಣ ತಪ್ಪಾ?"

ಕೈಯಲ್ಲಿದ್ದ ಹೋಳಿಗೆಯನ್ನ ತಟ್ಟೆಗಿಟ್ಟೆ. ಹಬ್ಬದ ದಿನ ಅಳಬಾರದು ಅಂತ ಬಚ್ಚಲಿಗೆ ಹೋದೆ. ಬಚ್ಚಲಿಗೆ ಚಿಲಕ ಇಲ್ಲ. ನಾನು ಆಸ್ಪತ್ರೆಯಲ್ಲಿದ್ದಾಗಲೇ ಬಿಚ್ಚಿಸಿದ್ದಾರೆ. ಎಲ್ಲರಿಗೂ ಎಲ್ಲವೂ ಗೊತ್ತು ಈ ಮನೆಯಲ್ಲಿ. ಲಕ್ಕಣ್ಣನೊಬ್ಬನಿಗೆ ಗೊತ್ತಿಲ್ಲ.

ಏಪ್ರಿಲ್ 16, ಬುಧವಾರ

ಇವರು ಕುಂಡದ ಲಾರಿ ಜೊತೆ ಗೊರಗುಂಟೆಪಾಳ್ಯದ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡರು. ಮೋನಿ ನನ್ನನ್ನ ಆಸ್ಪತ್ರೆಗೆ ಕರಕೊಂಡು ಹೋಗಿ, ತಾನೇ ಹೊರಗೆ ಕೂತಳು. ಪರದೆಯ ಕೆಳಗೆ ಯಾರ ಕಾಲೂ ಕಾಣಲಿಲ್ಲ.

ಹೇಳಿದೆ.

ಅಕ್ಬರಿ ಮೇಡಂ ಮುಖ ಬದಲಾಗಲಿಲ್ಲ. ಯಾಕೆ ಅಂತ ಕೇಳಲಿಲ್ಲ, "ಅದಕ್ಕೆ ಮುಂಚೆ ಎಷ್ಟು ದಿನದಿಂದ ಕಷ್ಟ ಆಗ್ತಿತ್ತು?" ಅಂದರು. ಉತ್ತರ ಹೇಳಬಹುದಾದಂಥ ಪ್ರಶ್ನೆ. ಒಂಬತ್ತು ವರ್ಷ ಅತ್ತೆ ಮುನಿಶಾಮಮ್ಮನ್ನ ಹಾಸಿಗೆಯಲ್ಲೇ ನೋಡಿಕೊಂಡೆ. ಹೋದ ದೀಪಾವಳಿಗೆ ತೀರಿಕೊಂಡರು. ಇನ್ನು ನಿನಗೆ ಆರಾಮ ಅಂದರು ಎಲ್ಲರೂ. ಆರಾಮ ಬರಲಿಲ್ಲ. ಬೆಳಗಿನ ಜಾವ ಮೂರಕ್ಕೆ ಎಚ್ಚರ, ಅತ್ತೆಯನ್ನ ಮಗ್ಗುಲು ಬದಲಾಯಿಸುವ ಹೊತ್ತು. ಬದಲಾಯಿಸೋಕೆ ಯಾರೂ ಇಲ್ಲ. ಅನ್ನ ಮಣ್ಣಿನ ರುಚಿ. ಗಂಡ ಬೈದಿಲ್ಲ, ಮಗಳು ಕಾಡಿಲ್ಲ. ಯಾರ ಮೇಲೂ ದೂರಿಲ್ಲ ಮೇಡಂ, ನನಗೆ ಸಾಕಾಗಿತ್ತು ಅಷ್ಟೇ ಅಂದೆ.

"ಇದು ಕಾಯಿಲೆ. ನಿಮ್ಮ ಕಾಲಿಗೆ ಬಂದಿದೆಯಲ್ಲ, ಹಾಗೇ ಇದಕ್ಕೂ ಔಷಧಿ, ಅಭ್ಯಾಸ, ಸಮಯ ಎಲ್ಲ ಬೇಕು" ಅಂದರು. ಪೊಲೀಸ್ ಕೇಸು ಅಂತ ಹೆದರಬೇಡಿ, ಇಂಥವರಿಗೆ ಚಿಕಿತ್ಸೆ ಕೊಡಬೇಕು ಅನ್ನುತ್ತೆ ಈಗಿನ ಕಾನೂನು ಅಂದರು. ನಲವತ್ತು ನಿಮಿಷ ಕೂತಿದ್ದೆ. ಹೊರಗೆ ಕಾಯುವವರು ಬೈಯುತ್ತಿದ್ದರು.

ಲಕ್ಕಣ್ಣನ ವಿಷಯವನ್ನೂ ಹೇಳಿದೆ. ಮೇಡಂ, "ಅದು ನಿಮಗೆ ಕೈಲಾದಾಗ. ನೀವೊಬ್ಬರೇ ಹೇಳಬೇಕಿಲ್ಲ, ಜೊತೆಗೆ ಯಾರನ್ನಾದ್ರೂ ಇಟ್ಕೊಳ್ಳಿ" ಅಂದರು. ಕೈಲಾಗುವ ದಿನ ಯಾವುದೋ.

ಏಪ್ರಿಲ್ 17

ಏಳು ಗಂಟೆ ನಿದ್ದೆ ಬಂತು. ಎದ್ದು ಗಡಿಯಾರವನ್ನ ಎರಡು ಸಲ ನೋಡಿದೆ.

ಏಪ್ರಿಲ್ 29

ಹನ್ನೆರಡು ದಿನ ಬರೆದಿಲ್ಲ. ಬರೆಯುವಂಥದ್ದು ಇರಲಿಲ್ಲ. ನಿನ್ನೆ ಮಧ್ಯಾಹ್ನ ಆ ಯೋಚನೆ ಮತ್ತೆ ಬಂತು. ಬಂದು ನಡುಮನೆಯಲ್ಲಿ ನನ್ನ ಎದುರಿಗೇ ಕೂತುಕೊಂಡಿತು. ಮಾತ್ರೆ ತಗೊಳ್ತಿದ್ದೀನಲ್ಲ, ಮತ್ತೆ ಯಾಕೆ? ನನ್ನ ಮೇಲೇ ಸಿಟ್ಟು. ಚೀಟಿ ಹುಡುಕಿ ಆ ನಂಬರಿಗೆ ಫೋನ್ ಮಾಡಿದೆ. ಒಬ್ಬ ಹೆಂಗಸು, ಚಿತ್ರದುರ್ಗದ ಕಡೆಯ ಮಾತು. ಮೋನಿ ಮನೆಗೆ ಬರುವವರೆಗೂ ಲೈನಿನಲ್ಲೇ ಇದ್ದರು. ಅಡುಗೆ ಏನು ಅಂತಲೂ ಕೇಳಿದರು. ಹುರುಳಿಕಾಯಿ ಹುಳಿ ಅಂದೆ. ಮಾಡಿರಲಿಲ್ಲ, ಆಮೇಲೆ ಮಾಡಿದೆ.

ಇವತ್ತು ಬೆಳಿಗ್ಗೆ ಮೋನಿ ಅಕ್ಬರಿ ಮೇಡಂಗೆ ಫೋನ್ ಹಚ್ಚಿಕೊಟ್ಟಳು. ಡೋಸ್ ಸ್ವಲ್ಪ ಏರಿಸಿದ್ದಾರೆ. ಹೀಗೆ ಮಧ್ಯೆ ಮಧ್ಯೆ ಬರುತ್ತೆ, ಬಂದಾಗ ಹೇಳಿದಿರಲ್ಲ, ಅದೇ ಬೇಕಾಗಿದ್ದು ಅಂದರು.

ಮೇ 12, ಸೋಮವಾರ

ಲಕ್ಕಣ್ಣ ಗೇಟಿನಲ್ಲಿ. ಮುಖದಲ್ಲಿ ಏನೋ ಒಂಥರಾ ಹಗುರ.

"ಗ್ಯಾಪ್ಕ ಬಂತು ಅಮ್ಮಾವ್ರೆ. ರಾತ್ರಿಯೆಲ್ಲ ಯೋಚ್ನೆ ಮಾಡ್ದೆ. ನಾನೇ ಇಟ್ಟಿದ್ದು. ಕಟ್ಟೆ ಮ್ಯಾಗೆ, ನಲ್ಲಿ ಪಕ್ಕ. ಅಸ್ರು ಮುಚ್ಳ. ನೋಡ್ದಂಗೇ ಐತೆ ಕಣ್ಮುಂದೆ."

ಇಲ್ಲದ ಬಾಟಲಿ. ನಾವೆಲ್ಲ ಹೇಳಿ ಹೇಳಿ ಅವನ ತಲೆಯೊಳಗೆ ತಂದಿಟ್ಟೆವು. ಇನ್ನು ಸ್ವಲ್ಪ ದಿನ ಬಿಟ್ಟರೆ ಅದನ್ನ ಅಲ್ಲಿಂದ ತೆಗೆಯೋಕೆ ದೇವರಿಂದಲೂ ಆಗಲ್ಲ.

"ನಿಮ್ ಕಾಲಿಗೆ ಬಿದ್ಬುಟ್ರೆ ಮುಗೀತು, ಇನ್ನ ನಿದ್ದೆ ಬತ್ತದೆ" ಅಂದು ಬಗ್ಗಿದ. ಬೇಡ ಬೇಡ ಅನ್ನುತ್ತಾ ಹಿಂದೆ ಸರಿದೆ. ಸ್ಪ್ಲಿಂಟ್ ಎಡವಿ ಬೀಳುವುದರಲ್ಲಿದ್ದೆ, ಅವನೇ ಹಿಡಿದುಕೊಂಡ.

ಮೇ 14

ಇವರಿಗೆ ಹೇಳಿದೆ. ಬೆಳಿಗ್ಗೆ ನರ್ಸರಿಯಲ್ಲಿ. ಗುಲಾಬಿಗೆ ಸೋಪಿನ ನೀರು ಹೊಡೆಯುತ್ತಿದ್ದರು. ಶೆಡ್ಡಿನಲ್ಲಿದ್ದ ಔಷಧಿಯನ್ನೆಲ್ಲ ಮಾರ್ಚ್‌ನಲ್ಲೇ ಅಂಗಡಿಗೆ ವಾಪಸ್ ಕೊಟ್ಟರಲ್ಲ. ಹುಳ ಬಿದ್ದು ಅರ್ಧ ಗುಲಾಬಿ ಹೋಗಿದೆ. ಸಹಕಾರನಗರದ ಗಿರಾಕಿಗಳು ಎಲೆ ತಿರುಗಿಸಿ ನೋಡಿ ವಾಪಸ್ ಹೋಗುತ್ತಾರೆ. ಆದರೂ ಒಂದು ದಿನವೂ ನನ್ನ ಹತ್ತಿರ ತುಟಿ ಬಿಚ್ಚಿಲ್ಲ ಈ ಮನುಷ್ಯ.

"ರೀ, ನಾನು ತಪ್ಪಿ ಕುಡಿದಿದ್ದಲ್ಲ."

ಪಂಪು ನಿಲ್ಲಿಸಿದರು. ನನ್ನ ಕಡೆ ತಿರುಗಲಿಲ್ಲ.

"ಗೊತ್ತಿತ್ತು. ಶೆಡ್ಡಿನ ಬೀಗದ ಕೈ ನಿನ್ ಸೆರಗಿನ ತುದೀಲಿ ಕಟ್ಟಿತ್ತು. ಆಟೋದಲ್ಲಿ ಬಿಚ್ಚಿ ಜೇಬಿಗೆ ಹಾಕ್ಕೊಂಡೆ."

"ಮತ್ತೆ ಲಕ್ಕಣ್ಣನ ಹೆಸರು ಯಾಕೆ?"

"ಆಸ್ಪತ್ರೇಲಿ ಹೆಂಗಾಯ್ತು ಹೆಂಗಾಯ್ತು ಅಂತ ಕೇಳ್ತಿದ್ರು. ಪೊಲೀಸು ಬೇರೆ. ನಿನ್ ಉಸಿರು ನಿಂತೋಗ್ತಿತ್ತು. ಬಾಯಿಗೆ ಬಂದಿದ್ದು ಹೇಳ್ದೆ. ಆಮೇಲೆ ವಾಪಸ್ ತಗೊಳ್ಳೋಕೆ ಆಗ್ಲಿಲ್ಲ." ಪಂಪು ಕೆಳಗಿಟ್ಟು, "ನಿನ್ನ ಕೇಳೋಕೆ ಭಯ ಕಣೇ. ಕೇಳಿದ್ರೆ ನೀನು ಹೌದು ಅಂತೀಯಲ್ಲ."

ಇಪ್ಪತ್ತೇಳು ವರ್ಷದಲ್ಲಿ ಕದಿರಪ್ಪ ಅನ್ನುವ ಈ ಮನುಷ್ಯ ಅಳೋದನ್ನ ನೋಡಿದ್ದು ಎರಡು ಸಲ. ಅತ್ತೆ ಹೋದಾಗ ಒಂದು. ಇವತ್ತು.

ಮೇ 19, ಸೋಮವಾರ

ಲಕ್ಕಣ್ಣನನ್ನ ಒಳಗೆ ಕರೆದು ಕಟ್ಟೆ ಮೇಲೆ ಕೂರಿಸಿದೆ. ಇವರು ಜೊತೆಗೆ ನಿಂತರು. ನಾನೇ ಹೇಳಿದೆ. ಬಾಟಲಿ ಇರಲಿಲ್ಲ, ನೀನು ಇಟ್ಟಿಲ್ಲ, ನಾನು ಬೇಕಂತಲೇ ಕುಡಿದೆ, ಹೇಳೋಕೆ ಧೈರ್ಯ ಬರದೆ ನಾಲ್ಕು ತಿಂಗಳು ನಿನ್ನ ತಲೆ ಮೇಲೆ ಹೊರಿಸಿದೆ.

"ಇಲ್ಲ ಅಮ್ಮಾವ್ರೆ, ಇಟ್ಟಿದ್ದೆ. ಅಸ್ರು ಮುಚ್ಳ..."

"ಆ ಮುಚ್ಚಳ ನಾನ್ ಹೇಳಿದ್ದು ಲಕ್ಕಣ್ಣ" ಅಂದರು ಇವರು.

ಅವನು ಇವರನ್ನ ನೋಡಿದ. ನನ್ನನ್ನ ನೋಡಿದ. ಸಮಾಧಾನ ಆಗುತ್ತೆ ಅಂತ ನಾನೇನೋ ಅಂದುಕೊಂಡಿದ್ದೆ. ಆ ಮುಖದಲ್ಲಿ ಸಮಾಧಾನ ಎಲ್ಲಿಂದ ಬರಬೇಕು? ಎದ್ದ. ಗೇಟನ್ನೂ ಹಾಕದೆ ಹೋದ.

ಮೇ 26, ಸೋಮವಾರ

ಬರಲಿಲ್ಲ.

ಜೂನ್ 2, ಸೋಮವಾರ

ಬರಲಿಲ್ಲ. ಫಿಸಿಯೋ ಹುಡುಗಿ ಎಡ ಹೆಬ್ಬೆರಳು ಸ್ವಲ್ಪ ಮೇಲೆ ಬರ್ತಿದೆ ಅಂತ ಕುಣಿದಳು. ನನಗೆ ಸಂತೋಷಪಡೋಕೂ ಆಯಾಸ.

ಜೂನ್ 4

ಇವರು ಲಕ್ಕಣ್ಣನ ಮನೆಗೆ ಹೋಗಿಬಂದರು. ಒಬ್ಬರೇ. ನನ್ನನ್ನ ಕೇಳಿಯೇ ಹೋದರು, ಏನು ಹೇಳಲಿ, ಎಷ್ಟು ಹೇಳಲಿ ಅಂತ. ಎಲ್ಲ ಹೇಳಿ ಅಂದೆ.

"ಏನಂದ್ರಿ?"

"ಸೊಸೆ ಮುಂದೇನೇ ಹೇಳ್ದೆ. ಸುಳ್ಳು ಹೇಳಿದ್ದು ನಾನು, ನಿಮ್ಮಾವಂದು ಏನೂ ತಪ್ಪಿಲ್ಲಮ್ಮ ಅಂದೆ."

"ಅವನು?"

"ನಾನ್ ಹೊರಡೋವಾಗ ಒಳಗೆ ಮಗು ಆಡಿಸ್ತಿದ್ದ."

ಆಡಿಸ್ತಿದ್ದ ಅಂದರಲ್ಲ. ಅದನ್ನೇ ಇನ್ನೊಂದು ಸಲ ಹೇಳಿಸಿದೆ.

ಇನ್ನು ಊರಿಗೆಲ್ಲ ಗೊತ್ತಾಗುತ್ತೆ. ಸರಳಾಗೆ ಈಗಾಗಲೇ ಗೊತ್ತಾಗಿರಬೇಕು, ಫೋನ್ ಬರ್ತಿಲ್ಲ. ಆಗಲಿ.

ಜೂನ್ 7, ಶನಿವಾರ

ಲಕ್ಕಣ್ಣ ಬಂದ. ಗೇಟು ದಾಟಿ ಸೀದಾ ಒಳಗೆ.

"ಬಯ್ಯಾಕೆ ಅಂತ ಬಂದಿವ್ನಿ."

"ಬಯ್ಯಿ" ಅಂದೆ.

ಬೈದ. ಮೊಮ್ಮಗನನ್ನ ಎತ್ತಿಕೊಳ್ಳದ ದಿನಗಳು, ಬೀದಿಯಲ್ಲಿ ಜನ ನೋಡಿದ ರೀತಿ, ತನ್ನ ಕೈಯನ್ನೇ ತಾನು ನಂಬದೆ ಹೋದದ್ದು. ಇವರು ತಲೆ ಬಗ್ಗಿಸಿ ನಿಂತಿದ್ದರು. ಮೋನಿ ಬಾಗಿಲಿಗೆ ಬಂದು ನಿಂತಳು. ನಾನು ಕೇಳಿಸಿಕೊಂಡೆ. ಅಷ್ಟಾದರೂ ಮಾಡಬೇಕಿತ್ತು. ಬೈದು ಬೈದು ಅವನಿಗೇ ಸುಸ್ತಾಗಿ ಕಟ್ಟೆ ಮೇಲೆ ಕೂತ.

"ಇಪ್ಪತ್ತೆರಡು ವರ್ಸ ಇದೇ ಕಟ್ಟೆ ಮ್ಯಾಗೆ ಕೂತು ಕಾಪಿ ಕುಡ್ದಿವ್ನಿ. ಒಂದಿನ ನಂತಾವ ಏಳ್ಬಾರ್ದಿತ್ತಾ?"

ಹೋಗಿ ಅವನ ಪಕ್ಕ ಕಟ್ಟೆ ಮೇಲೆ ಕೂತೆ.

"ಈಗ್ಲೂ ಬತ್ತದಾ ಅದು?"

ಆಸ್ಪತ್ರೆಯಲ್ಲಿ ಪ್ರತಿ ಸಲ ಕೇಳುತ್ತಾರೆ. ಈ ಮನೆಯ ಅಂಗಳದಲ್ಲಿ ಇದನ್ನ ಕೇಳಿದವನು ಇವನೊಬ್ಬನೇ. ಮೋನಿ ಉಸಿರು ಬಿಗಿ ಹಿಡಿದದ್ದು ನನಗೆ ಗೊತ್ತಾಯ್ತು. ಇಲ್ಲ ಅನ್ನೋಕೆ ಬಾಯಿ ರೆಡಿ ಆಗಿತ್ತು.

"ಬರುತ್ತೆ. ಮೊದಲಿನಷ್ಟಿಲ್ಲ. ಮಂಗಳವಾರ ಬಂದಿತ್ತು."

"ಎಷ್ಟೊತ್ನಾಗೆ?"

ಎಂಥ ಪ್ರಶ್ನೆ. ಬಸ್ಸಿನ ಟೈಮು ಕೇಳಿದ ಹಾಗೆ ಕೇಳಿದ. "ಮಧ್ಯಾಹ್ನ" ಅಂದೆ. "ಎಲ್ಲರೂ ಹೋದ ಮೇಲೆ. ಮೂರು ಗಂಟೆ ಹೊತ್ತಿಗೆ."

ತಲೆ ಆಡಿಸಿದ. ಮೋನಿ ಕೊಟ್ಟ ಕಾಫಿ ಕುಡಿದ. ಗುಲಾಬಿ ನೋಡಿ, "ಏನ್ ಕದಿರಪ್ನೋರೆ, ಇಂಗ್ ಸಾಯ್ಸಿದ್ದೀರ ಗಿಡಗಳ್ನ" ಅಂದು ಇವರಿಗೂ ಬೈದು ಹೋದ.

ರಾತ್ರಿ ಮೋನಿ ನನ್ನ ನಾಲಗೆ ನೋಡಲಿಲ್ಲ. ಮಾತ್ರೆ ಕೈಗೆ ಕೊಟ್ಟು, ಪಕ್ಕದಲ್ಲಿ ಕೂತಳು.

ಜೂನ್ 9, ಸೋಮವಾರ. ಮಧ್ಯಾಹ್ನ 3

ಇವರು ಕುಂಡ ತರೋಕೆ ಹೋಗಿದ್ದಾರೆ. ಮೋನಿ ಲ್ಯಾಬಿನಲ್ಲಿ. ಫ್ಯಾನ್ ಸದ್ದು. ಕೂತೇ ಇದ್ದೀನಿ. ಪಾತ್ರೆ ತೊಳೆದಿಲ್ಲ, ಕಾಲಿನ ವ್ಯಾಯಾಮ ಮಾಡಿಲ್ಲ. ಯಾವುದೂ ಬೇಡ ಅನ್ನುವ ಹೊತ್ತು ಇದು. ಅಕ್ಬರಿ ಮೇಡಂ ಹೇಳಿದ್ದಾರೆ, ಈ ಹೊತ್ತಲ್ಲಿ ಸುಮ್ಮನೆ ಕೂರಬೇಡಿ, ಏನಾದರೂ ಬರೆಯಿರಿ ಅಂತ. ಬರೀತಿದ್ದೀನಿ, ಏನು ಬರೀಬೇಕೋ —

ಗೇಟು ಸದ್ದಾಯ್ತು. ಗಿರಾಕಿ ಇರಬೇಕು.

ಅಲ್ಲ, ಲಕ್ಕಣ್ಣ. "ಗೊಬ್ರ ಕಲ್ಸಾಕ್ ಬಂದೆ ಅಮ್ಮಾವ್ರೆ" ಅಂತ ಅಂಗಳದಿಂದಲೇ ಕೂಗಿದ. ಈ ಬಿಸಿಲಲ್ಲಿ ಯಾವ ಬುದ್ಧಿ ಇರುವವನು ಗೊಬ್ಬರ ಕಲಸುತ್ತಾನೆ. ಕಟ್ಟೆ ಮೇಲೆ ಕೂತುಬಿಟ್ಟಿದ್ದಾನೆ ಆಗಲೇ, ಕಾಫಿ ಕೊಡದೆ ಏಳಲ್ಲ. ಹಾಲು ಇದೆಯೋ ಇಲ್ಲವೋ, ಎದ್ದು ನೋಡ —